ಸತ್ಯಾಂಶ: ಜನಾಭಿಪ್ರಾಯವನ್ನು ಮಾಧ್ಯಮಗಳೇ ತಯಾರಿಸುತ್ತವೆಯೇ?

"ಮಾಧ್ಯಮಗಳು ಹೇಳಿದ್ದನ್ನೇ ಜನ ನಂಬುತ್ತಾರೆ, ಜನಾಭಿಪ್ರಾಯ ಪೂರ್ತಿಯಾಗಿ ಸುದ್ದಿಮನೆಗಳಲ್ಲೇ ತಯಾರಾಗುತ್ತದೆ" ಎಂಬ ಸಂದೇಶವೊಂದು ಆಗಾಗ ಮೊಬೈಲುಗಳಲ್ಲಿ ಹರಿದಾಡುತ್ತದೆ. ಇದು ಹೆಚ್ಚೆಂದರೆ ಅರ್ಧಸತ್ಯ.

1940ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯ ಸಂದರ್ಭದಲ್ಲಿ ಸಮಾಜಶಾಸ್ತ್ರಜ್ಞ ಪಾಲ್ ಲಜಾರ್ಸ್‌ಫೆಲ್ಡ್ ಮತ್ತು ಸಂಗಡಿಗರು ಒಹಾಯೊ ರಾಜ್ಯದ ಈರಿ ಕೌಂಟಿಯಲ್ಲಿ ಸುಮಾರು 600 ಮತದಾರರ ಒಂದೇ ಗುಂಪನ್ನು ತಿಂಗಳುಗಟ್ಟಲೆ ಮತ್ತೆ ಮತ್ತೆ ಮಾತನಾಡಿಸಿದರು. ಪತ್ರಿಕೆ, ರೇಡಿಯೊಗಳ ಪ್ರಚಾರದಿಂದ ಪಕ್ಷ ಬದಲಿಸಿದವರು ತೀರ ಕಡಿಮೆಯಿದ್ದರು. ಹೆಚ್ಚಿನವರಲ್ಲಿ ಅದು ಮೊದಲೇ ಇದ್ದ ಒಲವನ್ನು ಗಟ್ಟಿಗೊಳಿಸಿತ್ತಷ್ಟೆ. ತಡವಾಗಿ ನಿರ್ಧರಿಸಿದವರ ಮೇಲೆ ಮನೆಯವರ, ಸ್ನೇಹಿತರ, ಸಹೋದ್ಯೋಗಿಗಳ ಮಾತು ಗಣನೀಯ ಪ್ರಭಾವ ಬೀರಿತ್ತು. ಸುದ್ದಿಯನ್ನು ಗಮನವಿಟ್ಟು ಅನುಸರಿಸುವ ಕೆಲವರ ಮೂಲಕ ವಿಚಾರಗಳು ಉಳಿದವರನ್ನು ತಲುಪುತ್ತವೆ ಎಂಬ ವಿವರಣೆ ಹುಟ್ಟಿದ್ದು ಅಲ್ಲಿಂದಲೇ. (ಮೇಲಿನ ಸಂದೇಶವನ್ನು ಅನೇಕರು ನಂಬುವುದಕ್ಕೂ ಅದನ್ನು ಕಳಿಸಿದವರು ಪರಿಚಿತರೆಂಬುದೇ ಕಾರಣವಿರಬಹುದು.)

ಹಾಗೆಂದು ಮಾಧ್ಯಮಗಳು ನಿರ್ಬಲವೇನಲ್ಲ. 1968ರ ಅಧ್ಯಕ್ಷೀಯ ಚುನಾವಣೆಯ ವೇಳೆ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಚಾಪೆಲ್ ಹಿಲ್‌ನಲ್ಲಿ, ಇನ್ನೂ ಆಯ್ಕೆ ನಿರ್ಧರಿಸದ ಮತದಾರರನ್ನು ಅಧ್ಯಯನ ಮಾಡಿದ ಮಾಧ್ಯಮ ಸಂಶೋಧಕರಾದ ಮ್ಯಾಕ್ಸ್‌ವೆಲ್ ಮೆಕೊಂಬ್ಸ್ ಮತ್ತು ಡೊನಾಲ್ಡ್ ಶಾ, ಸುದ್ದಿಯಲ್ಲಿ ಎದ್ದುಕಾಣುತ್ತಿದ್ದ ವಿಷಯಗಳನ್ನೇ ಮತದಾರರೂ ಮುಖ್ಯವೆಂದು ಎಣಿಸುತ್ತಿದ್ದುದನ್ನು ಗುರುತಿಸಿದರು. ಅಂದರೆ, ಯಾವುದರ ಬಗ್ಗೆ ಯೋಚಿಸಬೇಕೆಂಬುದರ ಮೇಲೆ ಮಾಧ್ಯಮಗಳಿಗಿರುವ ಹಿಡಿತ, ಯಾವ ತೀರ್ಮಾನಕ್ಕೆ ಬರಬೇಕೆಂಬುದರ ಮೇಲೆ ಅಷ್ಟಾಗಿ ಇರುವುದಿಲ್ಲ.