ಅಜ್ಜಿಗೆ ಪಾಸ್‌ಪೋರ್ಟ್ ಮಾಡಿಸಲು ಜನನ ಪ್ರಮಾಣಪತ್ರ ಬೇಕಾಗಿಲ್ಲ

ವಯಸ್ಸಾದವರಿಗೂ ಜನನ ಪ್ರಮಾಣಪತ್ರ ಇಲ್ಲದೆ ಪಾಸ್‌ಪೋರ್ಟ್ ಸಿಗುವುದಿಲ್ಲ ಎಂದು ಒಂದು ಲೇಖನದಲ್ಲಿ ಓದಿದೆ. ಅದು ಸರಿಯಲ್ಲ. ಪಾಸ್‌ಪೋರ್ಟ್ ನಿಯಮಗಳ 2025ರ ತಿದ್ದುಪಡಿಯಂತೆ ಜನನ ಪ್ರಮಾಣಪತ್ರವೇ ಬೇಕು ಅನ್ನುವುದು 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಮಾತ್ರ. ಅಂದರೆ ಮಕ್ಕಳಿಗೆ! ಉಳಿದವರಿಗೆ ಹುಟ್ಟಿದ ದಿನಾಂಕದ ಪುರಾವೆಯಾಗಿ ಪ್ಯಾನ್, ವೋಟರ್ ಐಡಿ, ಶಾಲೆಯ ಟಿಸಿ, ಎಲ್‌ಐಸಿ ಬಾಂಡ್, ಸರ್ಕಾರಿ ನೌಕರರಾಗಿದ್ದರೆ ಪಿಂಚಣಿ ಆದೇಶ, ಇವುಗಳಲ್ಲಿ ಒಂದಿದ್ದರೂ ನಡೆಯುತ್ತದೆ.

ನಿಜವಾದ ತಲೆನೋವು ಬೇರೆಯೇ ಇದೆ. ನಮ್ಮ ಅಜ್ಜಿ ಹುಟ್ಟಿದ್ದು 'ದೊಡ್ಡ ಮಳೆ ಬಂದ ವರ್ಷ', ಅಷ್ಟೇ ಅವರಿಗೆ ಗೊತ್ತು. ಆಧಾರ್‌ನಲ್ಲಿ ಜನವರಿ 1, ಪ್ಯಾನ್‌ನಲ್ಲಿ ಇನ್ನೊಂದು ತಾರೀಖು. ಹೆಸರಿನ ಇನಿಷಿಯಲ್ಲೂ ಒಂದೊಂದರಲ್ಲಿ ಒಂದೊಂದು ಥರ. ಹೀಗೇ ಅರ್ಜಿ ಹಾಕಿದ್ದರೆ ಸುಮ್ನೆ ಓಡಾಟ ಆಗುತ್ತಿತ್ತು ಅಲ್ವಾ? ಹಾಗಾಗಿ ಮೊದಲು ಪ್ಯಾನನ್ನು ಆಧಾರ್‌ಗೆ ಹೊಂದುವಂತೆ ತಿದ್ದಿಸಿದೆವು. ಆಧಾರ್ ಮುಟ್ಟುವಾಗ ಜೋಪಾನ, ಅದರಲ್ಲಿ ಹುಟ್ಟಿದ ದಿನಾಂಕ ಬದಲಿಸಲು ಸಾಮಾನ್ಯವಾಗಿ ಒಂದೇ ಅವಕಾಶ. ಆಮೇಲೆ ಅರ್ಜಿ ಹಾಕಿದೆವು, ಏನೂ ತೊಂದರೆ ಆಗಲಿಲ್ಲ.

ನೋಟರಿ ಅಫಿಡವಿಟ್‌ಗೆ ದುಡ್ಡು ಕೇಳುವ ಏಜೆಂಟರ ಮಾತು ನಂಬಬೇಡಿ. ಅರ್ಜಿಯ ಜೊತೆಗಿನ ಘೋಷಣೆಗಳನ್ನು ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಿದರೆ ಸಾಕು ಎಂದು 2016ರಲ್ಲೇ ಮಾಡಿದ್ದಾರೆ. 60 ದಾಟಿದವರಿಗೆ ಹೊಸ ಅರ್ಜಿಯ ಶುಲ್ಕದಲ್ಲಿ ಶೇಕಡಾ 10 ರಿಯಾಯಿತಿಯೂ ಇದೆ.