ಒಂದನೇ ಕ್ಲಾಸಿನ ಓದು: ಲಿಪಿಗೊಂದು ದಾರಿ

ಹೊರನಾಡ ಕನ್ನಡಿಗರು ನಾಲ್ಕು ಜನ ಸೇರಿದರೆ ಫಿನ್‌ಲೆಂಡಿನ ಮಾತು ಬಂದೇ ಬರುತ್ತದೆ: ಅಲ್ಲಿ ಏಳಕ್ಕೆ ಶಾಲೆ, ನಮ್ಮ ಮಕ್ಕಳಿಗೇಕೆ ಈ ಅವಸರ? ಆರರ ವಯಸ್ಸಿನ ಪೂರ್ವ ಪ್ರಾಥಮಿಕ ವರ್ಷ 2015ರಿಂದ ಅಲ್ಲಿ ಕಡ್ಡಾಯ ಎಂಬುದನ್ನು ಯಾರೂ ಹೇಳುವುದಿಲ್ಲ. ಇನ್ನೊಂದು, ಫಿನ್ನಿಶ್ ಬರಹದಲ್ಲಿ ಹೆಚ್ಚುಕಡಿಮೆ ಒಂದು ಅಕ್ಷರಕ್ಕೆ ಒಂದೇ ಉಚ್ಚಾರ. ಮನೆ ಎನ್ನಲು ‘ತಲೊ’ ಎಂಬ ಪದವಿದ್ದರೆ, ಒಂದನೇ ಕ್ಲಾಸಿನ ಪುಸ್ತಕದಲ್ಲಿ ಅದನ್ನು ‘ತ-ಲೊ’ ಎಂದು ಒಡೆದೇ ಅಚ್ಚು ಹಾಕಿರುತ್ತಾರೆ. ಅಲ್ಲಿ ತಡವಾಗಿ ಶುರು ಮಾಡಿದರೂ ನಡೆಯುತ್ತದೆ.

ಇಂಗ್ಲೆಂಡಿನಲ್ಲಿ ನಾಲ್ಕಕ್ಕೇ ರಿಸೆಪ್ಷನ್ ತರಗತಿ. ಟಫ್, ಥ್ರೂ, ದೋ ಮೂರರ ಕೊನೆಯಲ್ಲೂ ಅವೇ ನಾಲ್ಕು ಅಕ್ಷರ (ough) ಬರೆಯುವ ಭಾಷೆ ಅದು. ಪಳಗಲು ಕಾಲ ಬೇಕು. 2012ರಿಂದ ಇಯರ್ ಒನ್ ಮಕ್ಕಳಿಗೆ ಫೋನಿಕ್ಸ್, ಅಂದರೆ ಅಕ್ಷರಗಳ ಉಚ್ಚಾರ ಕೂಡಿಸಿ ಓದುವ, 40 ಪದಗಳ ಪರೀಕ್ಷೆ ಇದೆ. ಅದರಲ್ಲಿ 20 ಅರ್ಥವೇ ಇಲ್ಲದ ಪದಗಳು. ನೆನಪಿನಿಂದ ಊಹಿಸುವ ಮಗು ಅಲ್ಲಿ ಸಿಕ್ಕಿಬೀಳುತ್ತದೆ. ಜಪಾನಿನಲ್ಲಿ ಹಿರಗಾನ, ಕತಕಾನ ಎಂಬ ಎರಡು ಉಚ್ಚಾರ ಲಿಪಿಗಳಲ್ಲದೆ ಮೊದಲ ವರ್ಷಕ್ಕೇ 80 ಕಾಂಜಿ, ಅಂದರೆ ಚೀನೀ ಮೂಲದ ಅಕ್ಷರಗಳು.

ಕನ್ನಡದ ಕಷ್ಟ ಬೇರೆ. ಉಚ್ಚಾರ ನೇರ, ಆದರೆ ಕಾಗುಣಿತ, ಒತ್ತಕ್ಷರ ಸೇರಿ ಗುರುತಿಸಬೇಕಾದ ರೂಪಗಳು ನೂರಾರು. ಅದಕ್ಕೇ ಅ ಆ ಇ ಈ ಎಂದು ಸಾಲಾಗಿ ತಿದ್ದಿಸುವುದು ನನಗೆ ಒಪ್ಪಿಗೆಯಿಲ್ಲ. ಋ, ಙ, ಞ ತಿದ್ದಿ ಕೈ ಸೋತರೂ ಮಗು ಒಂದು ಪದವನ್ನೂ ಓದಿರುವುದಿಲ್ಲ. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿ ಇದಕ್ಕೆ ದಾರಿ ತೋರಿಸಿದೆ: ಮೊದಲು ರ, ಗ, ಸ, ದ, ಅ. ಐದೇ ಅಕ್ಷರ ಗೊತ್ತಾದರೆ ಸರ, ದರ, ಅರಸ, ಅಗಸ ಓದಬಹುದು. ಮುಂದೆ ಇಳಿ ಒಂದನ್ನೇ ಕಲಿಸಿ: ಸರ-ಸಾರ, ದರ-ದಾರ. ಹ್ರಸ್ವ, ದೀರ್ಘದ ವ್ಯತ್ಯಾಸ ಇಂಗ್ಲಿಷಿನ ಕಿವಿಗೆ ಸುಲಭವಾಗಿ ದಕ್ಕುವುದಿಲ್ಲ, ಹಾಗಾಗಿ ಜೋಡಿ ಪದಗಳನ್ನು ಜೋರಾಗಿ ಓದಿಸಬೇಕು. ಭಾನುವಾರ ಎರಡು ಗಂಟೆ ಕೂರಿಸುವುದಕ್ಕಿಂತ ದಿನಕ್ಕೆ ಹತ್ತು ನಿಮಿಷ ಮೇಲು.

ಅರ್ಕಾವೊತ್ತು ಕೊನೆಗಿರಲಿ. ‘ಸೂರ್ಯ’ದಲ್ಲಿ ರ್ ಮೊದಲು ಕೇಳುತ್ತದೆ, ಬರಹದಲ್ಲಿ ಯಕಾರದ ಆಚೆ ಕೂತಿರುತ್ತದೆ. ಎಡದಿಂದ ಬಲಕ್ಕೆ ಓದಿ ರೂಢಿಯಾದ ಮಗು ‘ಸೂಯರ್’ ಎನ್ನುತ್ತದೆ. ಗದರಬೇಡಿ. ಮೊದಲು ‘ಸೂರ್-ಯ’ ಎಂದು ಎರಡು ಚಪ್ಪಾಳೆಗೆ ಹೇಳಿಸಿ, ಆಮೇಲೆ ಬರೆದು ತೋರಿಸಿ.