ಕಂಪನಿ ಮುಳುಗಿದಾಗ, ನಾವು ಕಟ್ಟಿದ ತೆರಿಗೆ ಯಾರ ಪಾಲು?

ದೊಡ್ಡ ಕಂಪನಿಯೊಂದು ದಿವಾಳಿಯೆದ್ದಾಗ ಬ್ಯಾಂಕುಗಳಿಗೆ ಎಷ್ಟು ಕೋಟಿ ನಾಮ ಬಿತ್ತು ಎಂಬ ಚರ್ಚೆ ತಿಂಗಳುಗಟ್ಟಲೆ ನಡೆಯುತ್ತದೆ; ಅದೇ ಕಂಪನಿ ಕಟ್ಟದೆ ಉಳಿಸಿದ ತೆರಿಗೆ ಎಲ್ಲಿ ಹೋಯಿತು ಎಂದು ಕೇಳುವವರು ಕಡಿಮೆ. ಸಣ್ಣ ಕೈಗಾರಿಕೆಗಳ ಜಿಎಸ್‌ಟಿ ಲೆಕ್ಕ ನೋಡಿಕೊಳ್ಳುವುದು ನನ್ನ ಕಸುಬಾದ್ದರಿಂದ ಈ ಪ್ರಶ್ನೆ ನನ್ನನ್ನು ಬಹಳ ಕಾಲದಿಂದ ಕಾಡುತ್ತಿದೆ. ನಮ್ಮ ದಿವಾಳಿ ಕಾನೂನು ‘ಸರ್ಕಾರದ ಬಾಕಿ’ ಎಂಬ ಒಂದೇ ಚೀಲದಲ್ಲಿ ಎರಡು ಬೇರೆ ಬೇರೆ ಹಣವನ್ನು ತುಂಬಿದೆ ಎಂಬುದು ನನ್ನ ತಕರಾರು. ಕಂಪನಿ ತನ್ನ ಲಾಭದ ಮೇಲೆ ಕಟ್ಟಬೇಕಾದ ಆದಾಯ ತೆರಿಗೆ ಒಂದು. ಗ್ರಾಹಕರಿಂದ ಜಿಎಸ್‌ಟಿಯಾಗಿ, ನೌಕರರ ಸಂಬಳದಿಂದ ಟಿಡಿಎಸ್ ಆಗಿ ವಸೂಲು ಮಾಡಿ, ಸರ್ಕಾರಕ್ಕೆ ದಾಟಿಸದೆ ತಾನೇ ಬಳಸಿಕೊಂಡ ಹಣ ಇನ್ನೊಂದು. ಮೊದಲನೆಯದು ಸಾಲ. ಎರಡನೆಯದನ್ನು ಸಾಲ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

2016ರ ದಿವಾಳಿ ಸಂಹಿತೆಯ 53ನೆಯ ಕಲಮು ಮುಳುಗಿದ ಕಂಪನಿಯ ಆಸ್ತಿ ಮಾರಿ ಬಂದ ಹಣವನ್ನು ಯಾರಿಗೆ ಯಾವ ಕ್ರಮದಲ್ಲಿ ಹಂಚಬೇಕು ಎಂದು ಹೇಳುತ್ತದೆ. ಮೊದಲು ಪ್ರಕ್ರಿಯೆಯ ಖರ್ಚು. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ತಮ್ಮ ಭದ್ರತೆಯನ್ನು, ಅಂದರೆ ಸಾಲಕ್ಕೆ ಒತ್ತೆಯಿಟ್ಟುಕೊಂಡ ಆಸ್ತಿಯ ಮೇಲಿನ ಹಕ್ಕನ್ನು, ಬಿಟ್ಟುಕೊಟ್ಟ ಬ್ಯಾಂಕುಗಳ ಸಾಲ, ಎರಡೂ ಸರಿಸಮವಾಗಿ. ಆಮೇಲೆ ಇತರ ನೌಕರರ 12 ತಿಂಗಳ ಸಂಬಳ. ಆಮೇಲೆ ಭದ್ರತೆಯಿಲ್ಲದೆ ಹಣಕಾಸು ಒದಗಿಸಿದವರು. ಇಷ್ಟಾದ ಮೇಲೆ ಕೇಂದ್ರ ಮತ್ತು ರಾಜ್ಯ ಸರ್ಕಾರಗಳ ಸರದಿ, ಅದೂ ಹಿಂದಿನ ಎರಡು ವರ್ಷಗಳ ಬಾಕಿಗೆ ಮಾತ್ರ. ಸಾಮಾನ್ಯವಾಗಿ ಪಾತ್ರೆ ಅಷ್ಟರಲ್ಲಿ ಬರಿದಾಗಿರುತ್ತದೆ. ಕಂಪನಿಯನ್ನು ಮುಚ್ಚದೆ ಹೊಸ ಮಾಲೀಕರಿಗೆ ವಹಿಸುವಾಗಲೂ ತೆರಿಗೆ ಇಲಾಖೆಗೆ ಸಾಲದಾತರ ಸಮಿತಿಯಲ್ಲಿ ಮತವಿಲ್ಲ. ಕಚ್ಚಾವಸ್ತು ಪೂರೈಸಿದವರ ಜೊತೆಗೆ ಅದೂ ಕಾಯಬೇಕು. ಹೀಗೆ ವಹಿಸುವ ಯೋಜನೆಗೆ ಕಂಪನಿ ವ್ಯಾಜ್ಯಗಳ ನ್ಯಾಯಮಂಡಳಿಯಾದ ಎನ್‌ಸಿಎಲ್‌ಟಿ ಒಪ್ಪಿಗೆ ಕೊಟ್ಟರೆ ಅದರಲ್ಲಿ ಸೇರದ ತೆರಿಗೆ ಬಾಕಿ ಅಲ್ಲಿಗೇ ವಜಾ ಎಂದು ಸುಪ್ರೀಂ ಕೋರ್ಟ್ 2021ರ ಘನಶ್ಯಾಮ್ ಮಿಶ್ರಾ ಪ್ರಕರಣದಲ್ಲಿ ಖಚಿತಪಡಿಸಿದೆ.

ಮೊದಲು ಹೀಗಿರಲಿಲ್ಲ. ಕರ್ನಾಟಕದಿಂದಲೇ ಹೋದ ದೇನಾ ಬ್ಯಾಂಕ್ ಪ್ರಕರಣದಲ್ಲಿ, ಬ್ಯಾಂಕಿಗೆ ಅಡಮಾನವಾಗಿದ್ದ ಆಸ್ತಿಯ ಮೇಲೂ ರಾಜ್ಯದ ಮಾರಾಟ ತೆರಿಗೆಗೇ ಮೊದಲ ಹಕ್ಕು ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿತ್ತು. ನಮ್ಮ ಭೂಕಂದಾಯ ಕಾಯ್ದೆಯ 158ನೆಯ ಕಲಮು ಅದಕ್ಕೆ ಆಧಾರವಾಗಿತ್ತು. ಸರ್ಕಾರವೇ ಮೊದಲು ಕೈಹಾಕುವುದಾದರೆ ಉದ್ಯಮಕ್ಕೆ ಸಾಲ ಕೊಡುವವರಾರು ಎಂಬ ಯೋಚನೆಯಿಂದ 2016ರ ಸಂಹಿತೆ ಈ ಕ್ರಮವನ್ನು ತಲೆಕೆಳಗು ಮಾಡಿತು. ಆ ಯೋಚನೆಯಲ್ಲಿ ಹುರುಳಿದೆ. ಆದರೆ 2022ರ ಸೆಪ್ಟೆಂಬರಿನಲ್ಲಿ ರೇನ್‌ಬೋ ಪೇಪರ್ಸ್ ತೀರ್ಪು ಬಂದು, ಗುಜರಾತಿನ ವ್ಯಾಟ್ ಕಾಯ್ದೆ ಕೊಟ್ಟ ಮೊದಲ ಹಕ್ಕಿನ ಬಲದಿಂದ ರಾಜ್ಯ ಸರ್ಕಾರವನ್ನು ಭದ್ರತೆಯುಳ್ಳ ಸಾಲದಾತರ ಸಾಲಿಗೆ ಏರಿಸಿತು. ಮರುವರ್ಷ ಜುಲೈನಲ್ಲಿ ಅದೇ ನ್ಯಾಯಾಲಯದ ಇನ್ನೊಂದು ಪೀಠ, ಆ ತೀರ್ಪು 53ನೆಯ ಕಲಮಿನ ಕ್ರಮವನ್ನು ಗಮನಿಸಿಲ್ಲ ಎಂದು ಹೇಳಿ ಅದನ್ನು ಅದರ ಸಂಗತಿಗಳಿಗಷ್ಟೇ ಸೀಮಿತಗೊಳಿಸಿತು. ಅಕ್ಟೋಬರಿನಲ್ಲಿ ಮೂಲ ತೀರ್ಪಿನ ಮರುಪರಿಶೀಲನಾ ಅರ್ಜಿಯೂ ವಜಾ ಆಯಿತು. ಹೀಗೆ ಎರಡೂ ತೀರ್ಪುಗಳು ಉಳಿದುಕೊಂಡು ವಕೀಲರಿಗೆ ಕೈತುಂಬ ಕೆಲಸ ಸಿಕ್ಕಿತು. 2025ರ ಆಗಸ್ಟ್ 12ರಂದು ಲೋಕಸಭೆಯಲ್ಲಿ ಮಂಡನೆಯಾದ ತಿದ್ದುಪಡಿ ಮಸೂದೆ, ಕೇವಲ ಕಾನೂನಿನ ಬಲದಿಂದ ಹುಟ್ಟುವ ಹಕ್ಕನ್ನು ಭದ್ರತೆ ಎಂದು ಪರಿಗಣಿಸುವಂತಿಲ್ಲ ಎಂದು ಬರೆದು ಈ ಗೊಂದಲವನ್ನು ಮುಗಿಸಲು ಹೊರಟಿತು.

ಈ ಇಡೀ ಜಗ್ಗಾಟ ನಡೆದದ್ದು ಸರ್ಕಾರ ಸಾಲಿನಲ್ಲಿ ಎಲ್ಲಿ ನಿಲ್ಲಬೇಕು ಎಂಬುದರ ಮೇಲೆ. ಆ ಹಣ ಮೂಲತಃ ಯಾರದು ಎಂದು ಯಾರೂ ವಿಂಗಡಿಸಲಿಲ್ಲ. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ ಇದಕ್ಕೆ ತಕ್ಕ ಉದಾಹರಣೆ. 2012ರಲ್ಲಿ ಹಾರಾಟ ನಿಲ್ಲಿಸಿದ ಆ ಸಂಸ್ಥೆಯನ್ನು 2016ರ ನವೆಂಬರಿನಲ್ಲಿ ಕರ್ನಾಟಕ ಹೈಕೋರ್ಟ್ ಹಳೆಯ ಕಂಪನಿ ಕಾಯ್ದೆಯಡಿ ಸಮಾಪನಗೊಳಿಸಲು ಆದೇಶಿಸಿತು. ಸೇವಾ ತೆರಿಗೆ ಬಾಕಿಗಾಗಿ ಇಲಾಖೆ ಮಲ್ಯರ ಐಷಾರಾಮಿ ವಿಮಾನವನ್ನು ಹರಾಜಿಗಿಟ್ಟಾಗ 152 ಕೋಟಿ ರೂಪಾಯಿ ಮೀಸಲು ಬೆಲೆಗೆ ಬಂದ ಕೂಗು 1.09 ಕೋಟಿ; ಕೊನೆಗೆ 2018ರಲ್ಲಿ ಅದು ಸುಮಾರು 35 ಕೋಟಿಗೆ ಬಿಕರಿಯಾಯಿತು. ಟಿಕೆಟ್ಟಿನ ಜೊತೆ ಸೇವಾ ತೆರಿಗೆಯನ್ನು ಪ್ರಯಾಣಿಕರು ಆಗಲೇ ತೆತ್ತಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು. ನೌಕರರ ಸಂಬಳದಿಂದ ಮುರಿದ ಟಿಡಿಎಸ್ ಕೂಡ ಖಜಾನೆಗೆ ಸೇರಲಿಲ್ಲ. ಹೀಗೆ ಮುರಿದುಕೊಂಡ ತೆರಿಗೆಯನ್ನು ನೌಕರನಿಂದ ಮತ್ತೆ ಕೇಳಬಾರದೆಂದು 1961ರ ಆದಾಯ ತೆರಿಗೆ ಕಾಯ್ದೆಯ 205ನೆಯ ಕಲಮು ಸ್ಪಷ್ಟವಾಗಿ ಹೇಳಿದ್ದರೂ, ಆ ಸಂಸ್ಥೆಯ ಪೈಲಟ್ ಒಬ್ಬರು ಗುಜರಾತ್ ಹೈಕೋರ್ಟಿನವರೆಗೆ ಹೋಗಿ 2021ರಲ್ಲಿ ತಮ್ಮ ಪರವಾಗಿ ಆದೇಶ ಪಡೆಯಬೇಕಾಯಿತು.

ಈ ವಿಂಗಡಣೆ ಆಗದ ಮಾತೇನಲ್ಲ. ಬ್ರಿಟನ್ 2003ರಲ್ಲಿ ತೆರಿಗೆಗಿದ್ದ ಆದ್ಯತೆಯನ್ನು ಪೂರ್ತಿ ತೆಗೆದುಹಾಕಿತ್ತು. 2020ರ ಡಿಸೆಂಬರ್ 1ರಿಂದ ಅದರ ಒಂದು ಭಾಗವನ್ನು ಮರಳಿ ತಂದಿತು. ವ್ಯಾಟ್, ಸಂಬಳದಿಂದ ಮುರಿದ ಆದಾಯ ತೆರಿಗೆ, ನೌಕರರ ಪಾಲಿನ ವಿಮಾ ವಂತಿಗೆ ಮುಂತಾದವಕ್ಕೆ, ಅಂದರೆ ಕಂಪನಿ ಬೇರೆಯವರಿಂದ ಪಡೆದು ಸರ್ಕಾರಕ್ಕೆ ದಾಟಿಸಬೇಕಾದ ಹಣಕ್ಕೆ ಮಾತ್ರ, ಆದ್ಯತೆ ಸಿಕ್ಕಿತು. ಕಂಪನಿಯ ಸ್ವಂತ ಲಾಭದ ತೆರಿಗೆಯೂ ದಂಡ, ಬಡ್ಡಿಗಳೂ ಸಾಲಿನ ತುದಿಯಲ್ಲೇ ಉಳಿದವು. ನಮ್ಮ ಸಂಹಿತೆಗೂ ಈ ತರ್ಕ ಹೊಸದಲ್ಲ: ಕಾರ್ಮಿಕರ ಭವಿಷ್ಯನಿಧಿ, ಪಿಂಚಣಿ, ಗ್ರಾಚ್ಯುಟಿ ನಿಧಿಗಳಿಂದ ಬರಬೇಕಾದ ಹಣವನ್ನು 36ನೆಯ ಕಲಮು ಹಂಚಿಕೆಯ ಆಸ್ತಿಯಿಂದಲೇ ಹೊರಗಿಟ್ಟಿದೆ. ಒಂದೇ ಸಂಬಳದ ಚೀಟಿಯಲ್ಲಿ ಮೇಲಿನ ಗೆರೆಯಲ್ಲಿ ಮುರಿದ ಪಿಎಫ್ ಪರರ ಹಣ, ಕೆಳಗಿನ ಗೆರೆಯಲ್ಲಿ ಮುರಿದ ಟಿಡಿಎಸ್ ಕಂಪನಿಯ ಸಾಲ ಎಂದರೆ ಯಾವ ನ್ಯಾಯ?

ಬ್ಯಾಂಕಿನವರ ಆಕ್ಷೇಪ ನನಗೆ ಗೊತ್ತು. ವಸೂಲಾದ ಜಿಎಸ್‌ಟಿ ಪ್ರತ್ಯೇಕ ಖಾತೆಯಲ್ಲಿ ಕೂತಿರುವುದಿಲ್ಲ, ಓವರ್‌ಡ್ರಾಫ್ಟಿನಲ್ಲಿ ಕರಗಿಹೋಗಿರುತ್ತದೆ, ಅದನ್ನು ಹುಡುಕಿ ಬೇರ್ಪಡಿಸುವುದು ಹೇಗೆ ಎನ್ನುತ್ತಾರೆ. ಬೇರ್ಪಡಿಸಬೇಕಾಗಿಲ್ಲ, ರಿಟರ್ನಿನಲ್ಲಿ ಕಂಪನಿಯೇ ಒಪ್ಪಿಕೊಂಡ ಮೊತ್ತಕ್ಕೆ ಕಾರ್ಮಿಕರ ಬಾಕಿಯ ನಂತರದ ಸ್ಥಾನ ಕೊಟ್ಟರೆ ಸಾಕು. ಅಧಿಕಾರಿಗಳು ಅಂದಾಜಿನ ಮೇಲೆ ಹೇರಿದ ತೆರಿಗೆ, ದಂಡ, ಬಡ್ಡಿ ಈಗಿರುವಲ್ಲಿಯೇ ಇರಲಿ. ಇಲಾಖೆ ಕೇಳುವ ಬಾಕಿಯ ಮೊತ್ತ ಉಬ್ಬುವುದು ಬಹುಪಾಲು ಈ ಬಾಬತ್ತುಗಳಿಂದಲೇ ಎಂಬುದು ಕಸುಬಿನವರಿಗೆಲ್ಲ ತಿಳಿದ ಸಂಗತಿ.

ಇಷ್ಟೂ ಸಾಲದೆಂಬಂತೆ, ಸರ್ಕಾರ ಮುಳುಗಿದ ಕಂಪನಿಯಿಂದ ಪಡೆಯಲಾಗದ್ದನ್ನು ಬೇರೆ ಬಾಗಿಲಿನಲ್ಲಿ ಕೇಳುತ್ತದೆ. ಒಂದು, ನಿರ್ದೇಶಕರ ಬಾಗಿಲು: ಪ್ರೈವೇಟ್ ಕಂಪನಿಯಾದರೆ ತಮ್ಮ ಗಂಭೀರ ನಿರ್ಲಕ್ಷ್ಯವಿರಲಿಲ್ಲವೆಂದು ರುಜುವಾತು ಮಾಡದ ನಿರ್ದೇಶಕರು ಸ್ವಂತ ಜೇಬಿನಿಂದ ಕಟ್ಟಬೇಕು, ಷೇರು ಪೇಟೆಯಲ್ಲಿರುವ ದೊಡ್ಡ ಕಂಪನಿಯ ನಿರ್ದೇಶಕರಿಗೆ ಈ ಹೊಣೆ ತಾಗುವುದೇ ಇಲ್ಲ. ಇನ್ನೊಂದು, ಖರೀದಿದಾರನ ಬಾಗಿಲು. ಜಿಎಸ್‌ಟಿ ಕಾಯ್ದೆಯ 16ನೆಯ ಕಲಮಿನ ಪ್ರಕಾರ ಮಾರಿದವನು ತೆರಿಗೆ ಕಟ್ಟದಿದ್ದರೆ ಕೊಂಡವನಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಖರೀದಿಯಲ್ಲಿ ತೆತ್ತ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಿಂದ ಕಳೆದುಕೊಳ್ಳುವ ಸೌಲಭ್ಯ, ಇಲ್ಲ. ಬಿಲ್ಲಿನ ಹಣವನ್ನೂ ತೆರಿಗೆಯನ್ನೂ ಬ್ಯಾಂಕಿನ ಮೂಲಕವೇ ಸಲ್ಲಿಸಿದ ಪೀಣ್ಯದ ಸಣ್ಣ ಕಾರ್ಖಾನೆಯವನು ಮತ್ತೊಮ್ಮೆ ಅದೇ ತೆರಿಗೆ ಕಟ್ಟಬೇಕು; ಎಮ್ಮೆಗೆ ಜ್ವರ ಬಂದರೆ ಎತ್ತಿಗೆ ಬರೆ. ಕ್ರೆಡಿಟ್ಟನ್ನು ತಾನಾಗಿ ಹಿಂಪಡೆಯುವುದಿಲ್ಲ, ಮೊದಲು ಮಾರಿದವನಿಂದಲೇ ವಸೂಲು ಮಾಡುತ್ತೇವೆ ಎಂದು ಜಿಎಸ್‌ಟಿ ಮಂಡಳಿ 2018ರ ಮೇ 4ರಂದು ಹೇಳಿತ್ತು. ಆದರೆ ಅದೇ ಹೇಳಿಕೆ ಮಾರಿದವನು ವ್ಯಾಪಾರ ಮುಚ್ಚಿದಾಗ ಅಥವಾ ಅವನ ಬಳಿ ಸಾಕಷ್ಟು ಆಸ್ತಿ ಇಲ್ಲದಾಗ ಎಂಬ ವಿನಾಯಿತಿಯನ್ನು ಇಟ್ಟುಕೊಂಡಿತು. ದಿವಾಳಿ ಎಂದರೆ ಅದೇ ತಾನೆ?

ಜಿಎಸ್‌ಟಿಯ 37ಎ ನಿಯಮದಂತೆ ಕೊಂಡವನು ಹಿಂತಿರುಗಿಸಿದ ಕ್ರೆಡಿಟ್ ಮಾರಿದವನು ತೆರಿಗೆ ಕಟ್ಟಿದ ದಿನ ಮತ್ತೆ ಸಿಗುತ್ತದೆ. ಆದರೆ ಎನ್‌ಸಿಎಲ್‌ಟಿ ಒಪ್ಪಿದ ಯೋಜನೆ ಆ ತೆರಿಗೆಯನ್ನೇ ಅಳಿಸಿಹಾಕಿದ ಮೇಲೆ ಆ ದಿನ ಬರುವುದಿಲ್ಲ. ಕಂಪನಿಯ ಹೊಸ ಮಾಲೀಕನಿಗೆ ಹಳೆಯ ಬಾಕಿಯಿಂದ ಬಿಡುಗಡೆ ಸಿಕ್ಕ ದಿನವೇ ಆ ಸರಕನ್ನು ಕೊಂಡವನ ಕ್ರೆಡಿಟ್ ಕೂಡ ತಾನಾಗಿ ಮರಳಬೇಕು ಎಂಬ ಒಂದು ಸಾಲನ್ನು ಜಿಎಸ್‌ಟಿ ಮಂಡಳಿ ಆ ನಿಯಮಕ್ಕೆ ಸೇರಿಸಬೇಕೆಂಬುದು ನನ್ನ ಬೇಡಿಕೆ. ಇದಕ್ಕೆ ದಿವಾಳಿ ಸಂಹಿತೆಯ ಒಂದಕ್ಷರವನ್ನೂ ಬದಲಿಸಬೇಕಾಗಿಲ್ಲ.